ಊದಿಸಿ ನೋಡಿ, ಅಲ್ಲೇ ಬಿಡಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ.

ನಮಸ್ಕಾರ.

ನಾನು ಮೈಸೂರು ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಪಿಎಫ್‌ಟಿ (ಪಲ್ಮನರಿ ಫಂಕ್ಷನ್ ಟೆಸ್ಟ್) ಟೆಕ್ನೀಷಿಯನ್. ಶ್ವಾಸಕೋಶದಲ್ಲಿ ಎಷ್ಟು ಗಾಳಿ ಹಿಡಿಯುತ್ತದೆ, ಅದು ಎಷ್ಟು ಬೇಗ ಹೊರಗೆ ಬರುತ್ತದೆ ಎಂದು ಅಳೆಯುವ ಊದೋ ಟೆಸ್ಟು ಮಾಡುವವಳು. ನಿಮ್ಮ ಮೇಜಿಗೆ ಬರುವ ಪತ್ರಗಳ ರಾಶಿ ಎಷ್ಟಿರುತ್ತದೆ ಎಂದು ಊಹಿಸಬಲ್ಲೆ, ಹಾಗಾಗಿ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ತಾಲ್ಲೂಕು ಆಸ್ಪತ್ರೆಗೆ ಒಂದು ಸ್ಪೈರೋಮೀಟರ್, ಅಂದರೆ ಈ ಊದೋ ಟೆಸ್ಟಿನ ಯಂತ್ರ, ಕೊಡಿ. ರೋಗಿಯಿಂದ ಅದನ್ನು ಸರಿಯಾಗಿ ಊದಿಸಲು ಬಲ್ಲ ಒಬ್ಬರನ್ನು ಕೊಡಿ. ಬೀಡಿ-ಸಿಗರೇಟು ಬಿಡಲು ಬೇಕಾದ ಔಷಧಿಯನ್ನು ಅದೇ ಕೋಣೆಯಲ್ಲಿ ಇಡಿ. ಮೂರೂ ಒಂದೇ ಕಡೆ, ಒಂದೇ ದಿನ ಸಿಗುವಂತಿರಬೇಕು.

ಕಾನೂನು ಮಾಡುವುದರಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ, ಅದನ್ನು ಒಪ್ಪುತ್ತೇನೆ. ತಂಬಾಕು ನಿಯಂತ್ರಣ ಕಾನೂನಿಗೆ 2024ರಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು, ಹುಕ್ಕಾ ಬಾರ್‌ಗಳಿಗೆ ಬೀಗ ಬಿತ್ತು, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ರೂಪಾಯಿ ಇದ್ದದ್ದು 1000ದವರೆಗೆ ಹೋಯಿತು. ಪ್ಯಾಕು ಒಡೆದು ಒಂದೊಂದಾಗಿ ಮಾರುವಂತಿಲ್ಲ ಎಂದೂ ಆಯಿತು.

ಆದರೆ ನಮ್ಮ ಗೇಟಿನೆದುರಿನ ಗೂಡಂಗಡಿಯಲ್ಲಿ ಲೈಟರ್ ಇನ್ನೂ ದಾರಕ್ಕೆ ಕಟ್ಟಿಕೊಂಡು ನೇತಾಡುತ್ತಿದೆ. ಲೈಟರ್ ನೇತಾಡುತ್ತಿದೆ ಎಂದರೆ ಅಲ್ಲಿ ಒಂದೊಂದಾಗಿ ಸಿಗುತ್ತದೆ ಎಂದೇ ಅರ್ಥ, ಇಡೀ ಪ್ಯಾಕು ಕೊಂಡವನ ಜೇಬಲ್ಲಿ ಬೆಂಕಿಪೊಟ್ಟಣ ಇದ್ದೇ ಇರುತ್ತದೆ. ಒಂದೊಂದಾಗಿ ಕೊಂಡರೆ ಅಗ್ಗ, ಹುಡುಗರ ಕೈಗೂ ಎಟುಕುತ್ತದೆ ಎನ್ನುವ ತೊಂದರೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಕಾಣುವ ತೊಂದರೆ ಬೇರೆ. ಪ್ಯಾಕಿನ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂದು ಇಷ್ಟು ವರ್ಷ ಕೋರ್ಟು-ಕಚೇರಿ ಅಲೆದು ಉಳಿಸಿಕೊಂಡೆವಲ್ಲ, ಅದರ ಕೆಳಗೆ 1800-11-2356 ಎಂಬ ಉಚಿತ ಸಹಾಯವಾಣಿಯ ಸಂಖ್ಯೆ ಇದೆಯಲ್ಲ, ಅದನ್ನು ನೋಡುವವನು ಅಂಗಡಿಯವನು ಮಾತ್ರ. ಟೀ ಜೊತೆ ಒಂದು ತೆಗೆದುಕೊಂಡು ಹೋದವನು ಪ್ಯಾಕನ್ನೇ ಕಂಡಿರುವುದಿಲ್ಲ. ಆ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ, ನಿಮ್ಹಾನ್ಸ್‌ನಲ್ಲೇ ಅದರ ಕೇಂದ್ರವಿದೆ. ನನ್ನ ಮುಂದೆ ಕೂತವರನ್ನು ಕೇಳಿ ನೋಡಿದ್ದೇನೆ, ಆ ನಂಬರ್ ಗೊತ್ತಿದ್ದವರು ತೀರಾ ಅಪರೂಪ.

ಇನ್ನು ಆ ಚಿತ್ರಗಳ ಮಾತು. ಬಾಯಿ ಕೊಳೆತದ್ದು, ಗಂಟಲಲ್ಲಿ ಗೆಡ್ಡೆ ಎದ್ದದ್ದು ಫೋಟೊದಲ್ಲಿ ಕಾಣುತ್ತದೆ. ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗುತ್ತಾ ಹೋಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಕಾಣುವುದಿಲ್ಲ. ಹೊಗೆಯಿಂದ ಶ್ವಾಸನಾಳಗಳು ಊದಿಕೊಂಡು ಕಿರಿದಾಗುವುದು, ಕಫ ಕಟ್ಟುವುದು, ಗಾಳಿಚೀಲಗಳ ನಡುವಿನ ತೆಳುವಾದ ಗೋಡೆಗಳು ಹರಿದು ಹೋಗುವುದು ಎಲ್ಲವೂ ಒಳಗೇ ನಡೆಯುತ್ತದೆ, ಸದ್ದಿಲ್ಲದೆ, ಇಪ್ಪತ್ತು-ಮೂವತ್ತು ವರ್ಷ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನ ಈ ಕಾಯಿಲೆಯಿಂದ ಸತ್ತರು. ಶ್ವಾಸಕೋಶದ ಕ್ಯಾನ್ಸರ್ ಎಂದರೆ ಬೆಚ್ಚಿಬೀಳುವ ನಮ್ಮ ಜನಕ್ಕೆ ಸಿಒಪಿಡಿ ಎಂದರೆ ಏನೂ ಅನ್ನಿಸುವುದಿಲ್ಲ. ‘ದಮ್ಮು’ ಅನ್ನುತ್ತಾರೆ, ವಯಸ್ಸಾಯ್ತಲ್ಲ ಅನ್ನುತ್ತಾರೆ, ಮುಗಿಯಿತು.

ಶ್ವಾಸಕೋಶಕ್ಕೆ ಧಾರಾಳ ಮೀಸಲು ಇರುವುದೇ ಇದಕ್ಕೆ ಕಾರಣ. ಅರ್ಧದ ಹತ್ತಿರ ಕಳೆದುಕೊಳ್ಳುವವರೆಗೂ ಮನುಷ್ಯ ಹೇಗೋ ಸುಧಾರಿಸಿಕೊಂಡು ಹೋಗುತ್ತಾನೆ. ಮೆಟ್ಟಿಲು ಹತ್ತುವುದನ್ನು ಬಿಡುತ್ತಾನೆ, ಮೂಟೆ ಹೊರುವುದನ್ನು ಮಗನಿಗೆ ಬಿಡುತ್ತಾನೆ, ಜೊತೆಯವರಿಗಿಂತ ಹತ್ತು ಹೆಜ್ಜೆ ಹಿಂದೆ ನಡೆಯುತ್ತಾನೆ. ಬದುಕನ್ನೇ ಉಸಿರಿನ ಅಳತೆಗೆ ಕತ್ತರಿಸಿಕೊಂಡಿದ್ದೇನೆ ಎನ್ನುವುದು ಅವನಿಗೇ ತಿಳಿದಿರುವುದಿಲ್ಲ. ಆಸ್ಪತ್ರೆಗೆ ಬರುವ ಹೊತ್ತಿಗೆ ಆಕ್ಸಿಜನ್ ಬೇಕಾಗಿರುತ್ತದೆ.

ಒಬ್ಬರ ಕತೆ ಹೇಳುತ್ತೇನೆ. ಯಾರೆಂದು ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ರಾತ್ರಿಯೆಲ್ಲ ಬ್ಯಾರನ್ (ಸೊಪ್ಪು ಒಣಗಿಸುವ ಗೂಡು) ಮುಂದೆ ಕೂತು ಬೆಂಕಿ ನೋಡಿಕೊಳ್ಳುವವರು, ಉಳಿದ ಕಾಲ ಕೂಲಿ. 52 ವರ್ಷ. ಮೂರು ತಿಂಗಳಿಂದ ಬಿಡದ ಕೆಮ್ಮು ಎಂದು ಮಗಳು ಕರೆದುಕೊಂಡು ಬಂದಿದ್ದಳು. ಜೇಬಿನಲ್ಲಿ ಬೀಡಿ ಕಟ್ಟು, ತೋರುಬೆರಳಿನ ತುದಿ ಅರಿಸಿನ ಹಚ್ಚಿದ ಹಾಗೆ. ಮೂಗಿಗೆ ಕ್ಲಿಪ್ ಹಾಕಿ, ಮೌತ್‌ಪೀಸ್ ಕೈಗೆ ಕೊಟ್ಟೆ. “ಯಜಮಾನ್ರೇ, ಹೊಟ್ಟೆ ತುಂಬ ಉಸಿರು ಎಳ್ಕೊಳ್ಳಿ. ತುಟಿ ಬಿಗಿ ಮಾಡಿ. ಈಗ ಊದಿ! ಊದಿ, ಊದಿ, ಊದಿ, ಇನ್ನೂ, ಇನ್ನೂ, ಬಿಡ್ಬೇಡಿ, ಇನ್ನೂ ಇದೆ...” ಕನಿಷ್ಠ ಆರು ಸೆಕೆಂಡು ಊದಬೇಕು. ನಮ್ಮ ಕೂಗು ಹೊರಗಿನ ಕಾರಿಡಾರಿಗೂ ಕೇಳುತ್ತದೆ, ಸರತಿಯಲ್ಲಿ ಕೂತವರು ನಗುತ್ತಾರೆ. ಆದರೆ ಆ ಕೂಗೇ ನಮ್ಮ ಕೆಲಸ. ಮೆತ್ತಗೆ ಹೇಳಿದರೆ ರೋಗಿ ಮೂರು ಸೆಕೆಂಡಿಗೇ ನಿಲ್ಲಿಸಿಬಿಡುತ್ತಾನೆ, ರಿಪೋರ್ಟು ಸುಳ್ಳು ಹೇಳುತ್ತದೆ. ಮೂರು ಸಲ ಸರಿಯಾಗಿ ಬರುವವರೆಗೆ ಊದಿಸಬೇಕು.

ಮೊದಲ ಸೆಕೆಂಡಿನಲ್ಲಿ ಅವರು ಹೊರಗೆ ಹಾಕಿದ ಗಾಳಿ 1.9 ಲೀಟರ್. ಅವರ ಎತ್ತರಕ್ಕೆ, ವಯಸ್ಸಿಗೆ ಎರಡೂವರೆ ದಾಟಬೇಕಿತ್ತು. ಒಟ್ಟು ಊದಿದ್ದರಲ್ಲಿ ಮೊದಲ ಸೆಕೆಂಡಿನ ಪಾಲು ಶೇ 70ಕ್ಕಿಂತ ಕಡಿಮೆ. ಇನ್‌ಹೇಲರ್ ಕೊಟ್ಟು ಇನ್ನೊಮ್ಮೆ ಊದಿಸಿದಾಗಲೂ ಹೆಚ್ಚೇನೂ ಬದಲಾಗಲಿಲ್ಲ, ಅಂದರೆ ಸಿಒಪಿಡಿಯ ಲಕ್ಷಣ. ನಮ್ಮ ಯಂತ್ರದ ತಂತ್ರಾಂಶ ಶ್ವಾಸಕೋಶದ ವಯಸ್ಸು ಎಂದು ಒಂದು ಅಂಕಿಯನ್ನೂ ಮುದ್ರಿಸುತ್ತದೆ, ಎಷ್ಟು ವಯಸ್ಸಿನ ಆರೋಗ್ಯವಂತನ ಉಸಿರು ಇಷ್ಟಿರುತ್ತದೆ ಎಂಬ ಅಂದಾಜು. ಅದು ಎಂಬತ್ತು ದಾಟಿತ್ತು. ಅವರು ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಹಾಳೆ ನೋಡುತ್ತಾ ಕೂತರು. “ನಮ್ಮಪ್ಪ ಹೋದಾಗ ಎಂಬತ್ತಾಗಿರ್ಲಿಲ್ಲ ಕಣವ್ವ,” ಅಂದರು. ಆಮೇಲೆ, “ಈಗ ನಾನೇನ್ ಮಾಡ್ಬೇಕು?”

ಸಚಿವರೇ, ನಾನು ಈ ಪತ್ರ ಬರೆಯುತ್ತಿರುವುದು ಆ ಪ್ರಶ್ನೆಗಾಗಿ. ಮೂವತ್ತು ವರ್ಷ ಬೀಡಿ ಸೇದಿದ ಮನುಷ್ಯ ತಾನಾಗಿಯೇ ‘ಏನ್ ಮಾಡ್ಬೇಕು’ ಎಂದು ಕೇಳುವ ಗಳಿಗೆ ಪದೇ ಪದೇ ಬರುವುದಿಲ್ಲ. ಆ ಗಳಿಗೆಯಲ್ಲಿ ನನ್ನ ಹತ್ತಿರ ಕೊಡಲು ಇದ್ದದ್ದು ‘ಬಿಟ್ಬಿಡಿ’ ಎನ್ನುವ ಮಾತು ಮಾತ್ರ. ಔಷಧಿ ಬೇಕಾದರೆ ಹೊರಗೆ ಕೊಳ್ಳಬೇಕು. ಆಪ್ತಸಮಾಲೋಚಕರು ಬೇಕಾದರೆ ಇನ್ನೊಂದು ಊರು, ಇನ್ನೊಂದು ದಿನ, ಇನ್ನೊಂದು ದಿನದ ಕೂಲಿ ಕಟ್ಟು. ಅವರು ಹೋದರು.

ಅಂಕಿ ತೋರಿಸಿದರೆ ಬಿಡುತ್ತಾರೆಯೇ ಎಂದು ನೀವು ಕೇಳಬಹುದು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ ಇದನ್ನೇ ಪರೀಕ್ಷಿಸಿದ್ದರು, 2008ರಲ್ಲಿ ಫಲಿತಾಂಶ ಪ್ರಕಟವಾಯಿತು. 35 ದಾಟಿದ 561 ಮಂದಿ ಧೂಮಪಾನಿಗಳು. ಎಲ್ಲರಿಂದಲೂ ಊದಿಸಿದರು, ಎಲ್ಲರಿಗೂ ಬಿಡಲು ಸಲಹೆ ಕೊಟ್ಟರು. ಅರ್ಧ ಜನಕ್ಕೆ ಬರೀ ಲೀಟರ್ ಲೆಕ್ಕ, ಇನ್ನರ್ಧಕ್ಕೆ ಶ್ವಾಸಕೋಶದ ವಯಸ್ಸು ಹೇಳಿದರು. ವರ್ಷ ಕಳೆದ ಮೇಲೆ ಮೊದಲ ಗುಂಪಿನಲ್ಲಿ ಶೇ 6.4 ಜನ ಬಿಟ್ಟಿದ್ದರು, ಎರಡನೆಯದರಲ್ಲಿ ಶೇ 13.6. ಬಾಯಿಮಾತು ನಂಬಲಿಲ್ಲ, ಪರೀಕ್ಷೆ ಮಾಡಿಯೇ ಲೆಕ್ಕ ಹಾಕಿದರು. ನನಗೆ ಹಿಡಿಸಿದ ಸಂಗತಿ ಇನ್ನೊಂದಿದೆ. ಶ್ವಾಸಕೋಶ ಹಾಳಾಗಿದೆ ಎಂದು ಕೇಳಿದವರು ಎಷ್ಟು ಬಿಟ್ಟರೋ, ಪರವಾಗಿಲ್ಲ ಎಂದು ಕೇಳಿದವರೂ ಹೆಚ್ಚುಕಡಿಮೆ ಅಷ್ಟೇ ಬಿಟ್ಟರು. ಹಾಗಾಗಿ ಕೆಲಸ ಮಾಡಿದ್ದು ಹೆದರಿಕೆ ಅಲ್ಲ ಎಂದು ನನ್ನ ತರ್ಕ. ‘ನಿನ್ನದು’ ಎಂದು ಯಾರೋ ಹೆಸರಿಟ್ಟು ತೋರಿಸಿದ್ದು ಕೆಲಸ ಮಾಡಿತು.

ಇಂಥ ಬೇರೆ ಅಧ್ಯಯನಗಳಲ್ಲಿ ಫಲ ಇಷ್ಟು ಸ್ಪಷ್ಟವಾಗಿ ಬಂದಿಲ್ಲ ಎನ್ನುವುದನ್ನೂ ಮುಚ್ಚಿಡುವುದಿಲ್ಲ. ಶೇ 13.6 ಎಂದರೆ ನೂರರಲ್ಲಿ ಎಂಬತ್ತಾರು ಜನ ಬಿಟ್ಟಿಲ್ಲ ಎಂದೂ ಆಯಿತು. ಕಂಡಕಂಡವರಿಂದೆಲ್ಲ ಊದಿಸಿ ಎಂದೂ ನಾನು ಹೇಳುತ್ತಿಲ್ಲ, ಏನೂ ತೊಂದರೆಯಿಲ್ಲದವರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡುವುದರಿಂದ ಲಾಭವಿಲ್ಲ ಎಂದು ತಜ್ಞರೇ ಹೇಳುತ್ತಾರೆ. ನಲವತ್ತು ದಾಟಿದ, ಸೇದುವ, ಕೆಮ್ಮು ಕಫ ದಮ್ಮು ಇರುವವರು ನಮ್ಮ ಹೊರರೋಗಿ ಸಾಲಿನಲ್ಲಿ ದಿನಾ ನಿಂತಿರುತ್ತಾರೆ. ಅವರಿಗೆ ಕೆಮ್ಮಿನ ಸಿರಪ್ಪು, ಐದು ದಿನದ ಮಾತ್ರೆ ಬರೆದು ಕಳಿಸುತ್ತೇವೆ. ಮತ್ತೆ ಚಳಿಗಾಲಕ್ಕೆ ಬರುತ್ತಾರೆ.

‘ಈ ವಯಸ್ಸಲ್ಲಿ ಬಿಟ್ಟು ಏನು ಪ್ರಯೋಜನ’ ಎನ್ನುವವರಿಗೆ ಉತ್ತರ ಬಹಳ ಹಿಂದೆಯೇ ಸಿಕ್ಕಿದೆ. ಲಂಡನ್ನಿನಲ್ಲಿ ಫ್ಲೆಚರ್, ಪೀಟೊ ಎಂಬುವರು ದುಡಿಯುವ ಗಂಡಸರ ಉಸಿರನ್ನು ಎಂಟು ವರ್ಷ ಅಳೆಯುತ್ತಾ ಹೋಗಿ 1977ರಲ್ಲಿ ಬರೆದ ವಿಷಯ ಇವತ್ತಿಗೂ ನಮ್ಮ ಪಾಠ. ವಯಸ್ಸಾದಂತೆ ಎಲ್ಲರ ಉಸಿರೂ ವರ್ಷಕ್ಕೆ ಇಷ್ಟಿಷ್ಟು ಇಳಿಯುತ್ತದೆ. ಹೊಗೆ ತಾಗುವ ಜಾಯಮಾನದವರಲ್ಲಿ ಅದರ ಎರಡರಷ್ಟು ವೇಗದಲ್ಲಿ, ಕೆಲವರಲ್ಲಿ ಇನ್ನೂ ಬೇಗ ಇಳಿಯುತ್ತದೆ. ಬಿಟ್ಟರೆ ಕಳೆದದ್ದು ವಾಪಸ್ ಬರುವುದಿಲ್ಲ, ಆದರೆ ಇಳಿಯುವ ವೇಗ ಸೇದದವರ ವೇಗಕ್ಕೆ ಬಂದು ನಿಲ್ಲುತ್ತದೆ. ಐವತ್ತೆರಡರಲ್ಲಿ ಕಾಲು ಭಾಗ ಕಳೆದುಕೊಂಡ ನಮ್ಮ ಯಜಮಾನರು ಇವತ್ತು ಬಿಟ್ಟರೆ ಎಪ್ಪತ್ತರಲ್ಲೂ ತಮ್ಮ ಜಮೀನಿನ ಬದುವಿನ ಮೇಲೆ ನಡೆಯಬಹುದು, ಬಿಡದಿದ್ದರೆ ಬಚ್ಚಲುಮನೆಗೆ ಹೋಗಲೂ ಗೋಡೆ ಹಿಡಿಯಬೇಕಾದೀತು. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಅವರ ಅಧ್ಯಯನ ಇನ್ನೂ ಸರಳ ಲೆಕ್ಕ ಕೊಡುತ್ತದೆ: ನಲವತ್ತರಲ್ಲಿ ಬಿಟ್ಟವರಿಗೆ ಸುಮಾರು ಒಂಬತ್ತು ವರ್ಷ ಆಯಸ್ಸು ಉಳಿಯಿತು, ಐವತ್ತರಲ್ಲಿ ಆರು, ಅರವತ್ತರಲ್ಲಿ ಮೂರು.

ನಮ್ಮ ವೈದ್ಯರ ಬಗ್ಗೆ ಒಂದು ಮಾತು, ಬೇಸರ ಮಾಡಿಕೊಳ್ಳಬಾರದು. “ಇನ್ನೂ ಬಿಟ್ಟಿಲ್ವಾ? ಹಾಗಾದ್ರೆ ನನ್ನ ಹತ್ರ ಬರ್ಬೇಡ” ಎಂದು ಗದರುವುದನ್ನು ನಾನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡಿದ್ದೇನೆ. ಗದರಿದವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಬೈಸಿಕೊಂಡ ರೋಗಿ ಮುಂದಿನ ಸಲ “ಬಿಟ್ಟೆ ಸಾರ್” ಅನ್ನುತ್ತಾನೆ, ಅಂಗಿಯಲ್ಲಿ ವಾಸನೆ ಹಾಗೇ ಇರುತ್ತದೆ, ಇಬ್ಬರೂ ಸುಮ್ಮನಾಗುತ್ತಾರೆ. ನಿಕೋಟಿನ್ ಮಿದುಳನ್ನು ಹಿಡಿಯುವ ಚಟ. ರಕ್ತದೊತ್ತಡ ಇಳಿಯದ ರೋಗಿಗೆ ನಾವು ಬೈಯುವುದಿಲ್ಲ, ಮಾತ್ರೆ ಬದಲಿಸುತ್ತೇವೆ.

ಬಿಡುವ ಮನಸ್ಸು ಜನರಿಗೆ ಇಲ್ಲ ಎನ್ನುವುದೂ ತಪ್ಪು ತಿಳಿವಳಿಕೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ದೇಶದ ಧೂಮಪಾನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಡುವ ಯೋಚನೆಯಲ್ಲಿದ್ದೇವೆ ಎಂದಿದ್ದರು. ನನಗಂತೂ ಇದಕ್ಕೆ ಸಮೀಕ್ಷೆ ಬೇಕಿಲ್ಲ. ನವೆಂಬರ್ ಬಂತೆಂದರೆ ನಮ್ಮ ಊರುಗಳಲ್ಲಿ ಎಷ್ಟು ಜನ ಮಾಲೆ ಹಾಕುತ್ತಾರೆ ನೋಡಿ. ದಿನಕ್ಕೆರಡು ಕಟ್ಟು ಬೀಡಿ ಸೇದುವ ಆಟೊ ಡ್ರೈವರು, ಲಾರಿ ಕ್ಲೀನರು, ಗಾರೆ ಮೇಸ್ತ್ರಿ ಕಪ್ಪು ಪಂಚೆ ಉಟ್ಟ ದಿನದಿಂದ ಮುಟ್ಟುವುದಿಲ್ಲ. ತಣ್ಣೀರು ಸ್ನಾನ, ಚಾಪೆಯ ಮೇಲೆ ನಿದ್ದೆ, ಬೆಳಗ್ಗೆ ಸಂಜೆ ಶರಣು ಘೋಷ. ಮಂಡಲ ವ್ರತ 41 ದಿನ. (ಈಗ ಕೆಲವರು ಅದನ್ನು ಒಂದು ವಾರಕ್ಕೆ ಇಳಿಸಿಕೊಂಡಿದ್ದಾರೆ, ಅದು ಅವರಿಗೂ ಗುರುಸ್ವಾಮಿಗೂ ಬಿಟ್ಟ ವಿಷಯ.) ನಿಕೋಟಿನ್ ಬಿಟ್ಟಾಗಿನ ಚಡಪಡಿಕೆ, ಸಿಡುಕು, ನಿದ್ದೆಗೇಡಿತನ ಮೊದಲ ವಾರದಲ್ಲಿ ಜೋರಾಗಿದ್ದು ಮೂರು-ನಾಲ್ಕು ವಾರದಲ್ಲಿ ಬಹುಮಟ್ಟಿಗೆ ಇಳಿದುಬಿಡುತ್ತದೆ. ಅಂದರೆ 41 ದಿನ ಮುಗಿಸಿದ ಸ್ವಾಮಿಯ ಮೈ ಆ ಹೊತ್ತಿಗೆ ಬೀಡಿಯನ್ನು ಮರೆತಿರುತ್ತದೆ. ಶಬರಿಮಲೆಯಿಂದ ವಾಪಸ್ ಬಂದು, ಮಾಲೆ ತೆಗೆದು, ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಗೆಳೆಯ ಚಾಚಿದ ಒಂದು ಸಿಗರೇಟಿನಿಂದ ಮತ್ತೆ ಶುರು.

ನೀವು ಕೋಟಿಗಟ್ಟಲೆ ಖರ್ಚು ಮಾಡಿ ಮಾಡಿಸಬೇಕಾದ ಕೆಲಸವನ್ನು ಭಕ್ತಿ ಪುಕ್ಕಟೆಯಾಗಿ ಮಾಡಿಕೊಟ್ಟಿದೆ, ನಾವು ಅದನ್ನು ಪ್ರತಿ ಜನವರಿಯಲ್ಲಿ ಟೀ ಅಂಗಡಿಗೆ ಬಿಟ್ಟುಕೊಡುತ್ತಿದ್ದೇವೆ. ಪ್ರತಿ ಊರಿನ ಗುರುಸ್ವಾಮಿಯ ಜೊತೆ ಆಶಾ ಕಾರ್ಯಕರ್ತೆಯರು ಮಾತಾಡಲಿ. ಮಾಲೆ ತೆಗೆಯುವ ವಾರದಲ್ಲೇ ಭಜನೆ ಮಂದಿರದಲ್ಲಿ ಒಂದು ಶಿಬಿರ ಇಡಿ, ಸೇದುವ ಸ್ವಾಮಿಗಳಿಂದ ಊದಿಸಿ, ಹಾಳೆ ಕೈಗೆ ಕೊಡಿ. ಗುರುಸ್ವಾಮಿಯೇ “ಮುಂದಿನ ವರ್ಷದವರೆಗೂ ಮುಟ್ಟಬೇಡಪ್ಪ” ಎಂದರೆ ನಿಮ್ಮ ಸುತ್ತೋಲೆಗಿಂತ ಹೆಚ್ಚು ತೂಕ. ರಂಜಾನ್ ಉಪವಾಸದಲ್ಲೂ ಇದೇ ಅವಕಾಶವಿದೆ, ಹಗಲಿಡೀ ಬಿಟ್ಟಿರಬಲ್ಲವನಿಗೆ ಇಫ್ತಾರ್ ನಂತರದ ಆ ಒಂದೆರಡನ್ನು ದಾಟಿಸಲು ಸಹಾಯ ಬೇಕು, ಮಸೀದಿ ಕಮಿಟಿಯವರನ್ನೂ ಕೇಳಿ. ವಿಶ್ವ ಸಿಒಪಿಡಿ ದಿನ ಬರುವುದು ನವೆಂಬರಿನ ಮೂರನೇ ಬುಧವಾರ, ಮಂಡಲ ಕಾಲ ಶುರುವಾಗುವುದೂ ಅದೇ ಆಸುಪಾಸಿನಲ್ಲಿ. ಮೇ 31ರ ವಿಶ್ವ ತಂಬಾಕು ರಹಿತ ದಿನಕ್ಕೆ ಶಾಲೆ ಮಕ್ಕಳಿಗೆ ಟೋಪಿ ಹಾಕಿಸಿ ಜಾಥಾ ಮಾಡಿಸುವ ದುಡ್ಡಿನಲ್ಲಿ ಇದೆಲ್ಲ ಆಗುತ್ತದೆ.

ಔಷಧಿಯ ವಿಷಯಕ್ಕೆ ಬರುತ್ತೇನೆ. ನಿಕೋಟಿನ್ ಬದಲಿ ಚಿಕಿತ್ಸೆ, ಅಂದರೆ ಗಮ್, ಪ್ಯಾಚ್ ಇತ್ಯಾದಿ, 2022ರಲ್ಲಿ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದು ತಾಲ್ಲೂಕು ಆಸ್ಪತ್ರೆಯ ಔಷಧಿ ಕಿಟಕಿಗೆ ಬರಬೇಕಲ್ಲ? ಕೂಲಿಯವನಿಗೆ ಬೀಡಿ ಕಟ್ಟಿಗಿಂತ ಗಮ್ ಪಟ್ಟಿ ದುಬಾರಿ. ಇಂಥ ಲೆಕ್ಕದಲ್ಲಿ ಯಾವುದು ಗೆಲ್ಲುತ್ತದೆ ಎಂದು ಹೇಳಬೇಕಾಗಿಲ್ಲ. ಗಮ್ ಕೊಟ್ಟರೆ ಸಾಲದು, ಬಳಸುವುದನ್ನು ತೋರಿಸಿಯೂ ಕೊಡಬೇಕು. ನಮ್ಮವರು ಅದನ್ನು ಎಲೆ-ಅಡಿಕೆ ಥರ ಅಗಿದು ರಸ ನುಂಗುತ್ತಾರೆ, ಬಿಕ್ಕಳಿಕೆ ಬರುತ್ತದೆ, ಎದೆ ಉರಿಯುತ್ತದೆ, ಉಗಿದು ಬೀಡಿ ಹಚ್ಚುತ್ತಾರೆ. ನಾಲ್ಕೈದು ಸಲ ಮೆಲ್ಲಗೆ ಅಗಿದು, ನಾಲಿಗೆಗೆ ಖಾರ ಹತ್ತಿದ ಕೂಡಲೇ ಕೆನ್ನೆ-ವಸಡಿನ ನಡುವೆ ಇಟ್ಟುಕೊಳ್ಳಬೇಕು. ಖಾರ ಹೋದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಹದಿನೈದು ನಿಮಿಷ ಮೊದಲು ಕಾಫಿ-ಟೀ ಕುಡಿದಿರಬಾರದು. ಇಷ್ಟು ಹೇಳಲು ಐದು ನಿಮಿಷ ಬೇಕು, ಅದನ್ನು ಹೇಳುವ ಜನ ಇಲ್ಲ.

ಕೆಮ್ಮಿನ ವಿಷಯವನ್ನೂ ಯಾರೂ ಮೊದಲೇ ಹೇಳುವುದಿಲ್ಲ. ಬಿಟ್ಟ ಮೊದಮೊದಲ ವಾರಗಳಲ್ಲಿ ಕೆಲವರಿಗೆ ಕೆಮ್ಮು, ಕಫ ಜಾಸ್ತಿಯಾಗುತ್ತದೆ. ಹೊಗೆಯಿಂದ ಮಂಕಾಗಿದ್ದ ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಕೆಲಸಕ್ಕಿಳಿದು ಒಳಗಿನ ಕಸವನ್ನು ಮೇಲಕ್ಕೆ ತಳ್ಳುವ ಹೊತ್ತು ಅದು. ಮುಂಚೆಯೇ ಹೇಳದಿದ್ದರೆ “ಬೀಡಿ ಸೇದ್ತಿದ್ದಾಗ್ಲೇ ಚೆನ್ನಾಗಿದ್ದೆ, ಬಿಟ್ಮೇಲೆ ಕೆಮ್ಮು ಬಂತು” ಎಂದು ವಾಪಸ್ ಹೋಗುತ್ತಾರೆ. ಎಷ್ಟೋ ಜನ ಹಾಗೇ ಹೋಗಿದ್ದಾರೆ.

ಬೀಡಿ ಎಲೆಯದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದರಲ್ಲಿ ತಂಬಾಕು ಕಡಿಮೆ, ನಿಜ. ಆದರೆ ಆ ಎಲೆ ಆಗಾಗ ಆರಿಹೋಗುತ್ತದೆ, ಆರದಂತೆ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಒಳಗೆ ಹೋಗುವ ಟಾರು, ಕಾರ್ಬನ್ ಮಾನಾಕ್ಸೈಡು ಸಿಗರೇಟಿಗಿಂತ ಕಡಿಮೆಯೇನೂ ಇಲ್ಲ. ಇಂಥ ಬೀಡಿಯ ಮೇಲಿನ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಕರಾವಳಿಯಲ್ಲಿ ಬೀಡಿ ಕಟ್ಟಿ ಸಂಸಾರ ಸಾಗಿಸುವ ಹೆಣ್ಣುಮಕ್ಕಳ ಹೆಸರು ಇಂಥ ಹೊತ್ತಲ್ಲಿ ಮುಂದೆ ಬರುತ್ತದೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಹರಾಜಿನ ದರ ನೋಡಿ ಮಗಳ ಮದುವೆ ಗೊತ್ತು ಮಾಡುವ ರೈತರ ನಡುವೆಯೇ ಬದುಕುವವಳು ನಾನು, ಅವರ ಹೊಟ್ಟೆಪಾಡನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ತೆರಿಗೆ ಇಳಿದರೆ ಕಟ್ಟುವವಳ ಮಜೂರಿ ಏರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಆ ಮಂಡಳಿಯಲ್ಲಿ ನಮ್ಮ ರಾಜ್ಯಕ್ಕೂ ಕುರ್ಚಿ ಇದೆ. ಆರೋಗ್ಯ ಇಲಾಖೆಯ ಒಂದು ಟಿಪ್ಪಣಿ ಅಲ್ಲಿಗೆ ಹೋಗಲಿ.

ಸೌದೆ ಒಲೆಯ ಹೊಗೆ ಕುಡಿದು ಇದೇ ಕಾಯಿಲೆ ತಂದುಕೊಂಡ, ಜನ್ಮದಲ್ಲಿ ಬೀಡಿ ಮುಟ್ಟದ ಅವ್ವಂದಿರೂ ನನ್ನ ಕೋಣೆಗೆ ಬರುತ್ತಾರೆ. ಅವರ ಕತೆಗೆ ಇನ್ನೊಂದು ಪತ್ರವೇ ಬೇಕು. ಯಂತ್ರ ಬಂದರೆ ಅವರಿಗೂ ಆಯಿತು.

ದುಡ್ಡಿಲ್ಲ, ವ್ಯವಸ್ಥೆ ಇಲ್ಲ ಎನ್ನುವ ಮಾತನ್ನು ನಾನು ನಂಬುವುದಿಲ್ಲ, ಏಕೆಂದರೆ ಹೃದಯಕ್ಕೆ ನೀವೇ ಮಾಡಿ ತೋರಿಸಿದ್ದೀರಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ನೋಡಿ ಹೇಳುತ್ತಾರೆ, ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಅದೇ ದಾರಿಯಲ್ಲಿ ಸ್ಪೈರೋಮೀಟರಿನ ಗ್ರಾಫೂ ಹೋಗಬಲ್ಲದು. ಈಗಿನ ಯಂತ್ರಗಳು ಲ್ಯಾಪ್‌ಟಾಪಿಗೆ ಜೋಡಿಸುವಷ್ಟು ಚಿಕ್ಕವು, ಸ್ಕ್ಯಾನಿಂಗ್ ಯಂತ್ರದ ಬೆಲೆಯ ಮುಂದೆ ಏನೇನೂ ಅಲ್ಲ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವ ನಮ್ಮ ಹೆಣ್ಣುಮಕ್ಕಳು “ಸೇದ್ತೀರಾ? ನಡೆಯುವಾಗ ದಮ್ಮು ಬರುತ್ತಾ?” ಎಂದು ಇನ್ನೆರಡು ಪ್ರಶ್ನೆ ಕೇಳಿ ಚೀಟಿ ಕೊಟ್ಟರೆ ರೋಗಿಗಳು ತಾವಾಗಿಯೇ ಬರುತ್ತಾರೆ.

ಒಂದೇ ಎಚ್ಚರಿಕೆ, ಇದು ಒಳಗಿನವಳ ಮಾತು. ಯಂತ್ರ ಕೊಂಡು ಕಳಿಸಿ ಕೈ ತೊಳೆದುಕೊಳ್ಳಬೇಡಿ. ನನಗೆ ಗೊತ್ತಿರುವ ಒಂದು ಕಡೆ ಸ್ಪೈರೋಮೀಟರ್ ಬಂದು ಬೀರುವಿನಲ್ಲೇ ಕೂತಿದೆ, ಬಿಸಾಡುವ ಮೌತ್‌ಪೀಸು, ಫಿಲ್ಟರು ತರಿಸಲು ಇಂಡೆಂಟ್ (ಬೇಡಿಕೆ ಪಟ್ಟಿ) ಮಂಜೂರಾಗಲಿಲ್ಲ. ಮೂರು ಲೀಟರಿನ ಕ್ಯಾಲಿಬ್ರೇಷನ್ ಸಿರಿಂಜು ಇಲ್ಲದೆ ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡುವ ದಾರಿಯೇ ಇಲ್ಲ. ಟೆಂಡರಿನಲ್ಲಿ ಇವೆಲ್ಲ ಮೊದಲೇ ಬರೆದಿರಲಿ. ತರಬೇತಿಯನ್ನು ಒಂದು ದಿನದ ಕಾರ್ಯಾಗಾರ, ಊಟ, ಫೋಟೊ ಎಂದು ಮುಗಿಸಬೇಡಿ. ಊದಿಸುವುದನ್ನು ಕಲಿಯಲು ಕೆಲವು ವಾರ ನಿಜವಾದ ರೋಗಿಗಳ ಮುಂದೆ ನಿಂತು ಕೂಗಬೇಕು. ಕಲಿಸಲು ನಾನು ಬರುತ್ತೇನೆ, ನನ್ನಂಥವರು ಇನ್ನೂ ಇದ್ದಾರೆ.

ಮೊದಲು ಒಂದು ಜಿಲ್ಲೆಯಲ್ಲಿ ಮಾಡಿ ನೋಡುವುದಾದರೆ ಹೊಗೆಸೊಪ್ಪು ಬೆಳೆಯುವ ನಮ್ಮ ಜಿಲ್ಲೆಯನ್ನೇ ಆರಿಸಿಕೊಳ್ಳಿ. ಅಕ್ಟೋಬರಿನೊಳಗೆ ಯಂತ್ರ ಬಂದರೆ ನವೆಂಬರಿನಲ್ಲಿ ಮಾಲೆ ಹಾಕುವವರ ಪಟ್ಟಿ ಮಾಡಲು ಸಮಯ ಸಿಗುತ್ತದೆ, ಸಂಕ್ರಾಂತಿ ಕಳೆದ ವಾರ ಶಿಬಿರ ಇಡಬಹುದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಪಿಎಫ್‌ಟಿ ಟೆಕ್ನೀಷಿಯನ್,
ಮೈಸೂರು ಜಿಲ್ಲೆ